ತಾಯಿಮೀನು ಬೇಸಿಗೆಯಲ್ಲಿ ಏನು ತಿಂದಿತ್ತು?

ಮೀನುಮರಿ ಕೊಳ್ಳಲು ಹೋದವರು ಕೇಳುವ ಪ್ರಶ್ನೆಗಳು ಕಡೂರಿನಲ್ಲೂ ಅವೇ, ತರೀಕೆರೆಯಲ್ಲೂ ಅವೇ. ಸಾವಿರಕ್ಕೆ ಎಷ್ಟು? ಮರಿ ಎಷ್ಟುದ್ದ ಇದೆ? ಕಾಟ್ಲಾ ಎಷ್ಟು, ಗೆಂಡೆ ಎಷ್ಟು? ಸ್ವಲ್ಪ ಪಳಗಿದವರಾದರೆ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬೆಳಕಿಗೆ ಹಿಡಿದು ಮರಿಗಳ ಚುರುಕು ನೋಡುತ್ತಾರೆ. ಈ ಮರಿಗಳ ತಾಯಿ ಫೆಬ್ರುವರಿಯಿಂದ ಜೂನ್‌ವರೆಗೆ ಏನು ತಿಂದಿತ್ತು ಎಂದು ಕೇಳುವವರು ಅಪರೂಪ. ಕೇಳಿದರೆ ಮಾರುವವರಿಗೂ ಆಶ್ಚರ್ಯವಾದೀತು.

ಆದರೆ ಕೇಳಲೇಬೇಕಾದ ಪ್ರಶ್ನೆ ಅದು. ರೋಹು, ಕಾಟ್ಲಾ ಮೀನಿನ ಮೊಟ್ಟೆ ನೀರಿಗೆ ಬಿದ್ದ ಹದಿನಾಲ್ಕರಿಂದ ಹದಿನೆಂಟು ಗಂಟೆಯೊಳಗೆ ಒಡೆಯುತ್ತದೆ. ಹೊರಬಂದ ಮರಿ ಐದು ಮಿಲಿಮೀಟರ್ ಆಸುಪಾಸಿನದು. ಆಗ ಅದಕ್ಕೆ ಬಾಯಿಯೇ ತೆರೆದಿರುವುದಿಲ್ಲ. ಹೊಟ್ಟೆಗೆ ಅಂಟಿಕೊಂಡ ಪುಟ್ಟ ಚೀಲದಲ್ಲಿ ಮೊಟ್ಟೆಯ ಹಳದಿ ಉಳಿದಿರುತ್ತದೆ. ಸುಮಾರು ಮೂರು ದಿನ ಮರಿ ಬದುಕುವುದು ಅದರ ಮೇಲೆಯೇ. ಕಣ್ಣು, ನರ, ಕಿವಿರು, ಈಜುವ ಸ್ನಾಯು ಎಲ್ಲವೂ ಆ ಹಳದಿಯಿಂದಲೇ ಆಗಬೇಕು. ಆ ಹಳದಿಯಲ್ಲಿ ಇರುವ ಪ್ರತಿಯೊಂದು ಅಂಶವೂ ತಾಯಿ ತಿಂದ ಮೇವಿನಿಂದ ಬಂದದ್ದು. ತಾಯಿಯ ಮೇವಿನಲ್ಲಿ ಇಲ್ಲದ ಜೀವಸತ್ವ ಮರಿಗೆ ಬೇರೆಲ್ಲಿಂದಲೂ ಬರುವುದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಿಗೆ ಈ ವಿಷಯ ಏಕೆ ಮುಖ್ಯ ಎನ್ನುವುದಕ್ಕೆ ಇಲ್ಲಿನ ನೀರಿನ ಲೆಕ್ಕ ನೋಡಬೇಕು. ಬಾಬಾಬುಡನ್‌ಗಿರಿ ಸಾಲಿನಿಂದ ಇಳಿಯುವ ವೇದಾ, ಆವತಿ ಹಳ್ಳಗಳು ಕೂಡಿ ವೇದಾವತಿಯಾಗುವುದು ಕಡೂರಿನ ನೆಲದಲ್ಲಿ. ಸಖರಾಯಪಟ್ಟಣದ ಅಯ್ಯನಕೆರೆ, ಎಮ್ಮೆದೊಡ್ಡಿ ಕಡೆಯ ಮದಗದಕೆರೆಯಂಥ ದೊಡ್ಡ ಕೆರೆಗಳು ಗಿರಿಯ ಮಳೆಯಿಂದ ತುಂಬುತ್ತವೆ. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಮಳೆ ಕೈಕೊಡುತ್ತದೆ. ತರೀಕೆರೆಯ ಪಶ್ಚಿಮದ ಅಂಚಿನಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ, ಕಾಡಿದೆ. ಪೂರ್ವಕ್ಕೆ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರವಿದೆ, ಅದು ಅಪ್ಪಟ ಬಯಲುಸೀಮೆ. ಅಡಿಕೆ, ತೆಂಗಿನ ತೋಟಗಳ ನಡುವೆ ತೆಗೆದ ಕೃಷಿ ಹೊಂಡಗಳಲ್ಲಿ ಈಗ ಮೀನು ಬಿಡುವವರೂ ಇದ್ದಾರೆ. ಇಲ್ಲಿನ ಸಣ್ಣ ಕೆರೆಗಳಲ್ಲಿ ನೀರು ನಿಲ್ಲುವುದೇ ವರ್ಷದ ಕೆಲವು ತಿಂಗಳು. ಅಷ್ಟರಲ್ಲಿ ಮರಿ ಮಾರುವಷ್ಟು ದೊಡ್ಡದಾಗಬೇಕು. ಬಲವಿಲ್ಲದ ಮರಿ ಬಿಟ್ಟು ಒಂದು ತಿಂಗಳು ಕಳೆದುಕೊಂಡರೆ ಅದನ್ನು ಆಮೇಲೆ ಯಾವ ಮೇವು ಹಾಕಿಯೂ ತುಂಬಿಕೊಳ್ಳಲಾಗದು.

ಮರಿಯನ್ನು ಕೊಳ್ಳಲೇಬೇಕಾದ ಕಾರಣವೂ ಇದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮುಂಗಾರಿನ ಕೆಂಪು ನೀರು ಹೊಳೆಯಲ್ಲಿ ಏರಿ ಹರಿದಾಗ ಮಾತ್ರ ಅವು ಮೊಟ್ಟೆ ಇಡುತ್ತವೆ. ಮಲೆನಾಡಿನವರು ಮೊದಲ ಮಳೆಗೆ ಗದ್ದೆ, ತೋಡುಗಳತ್ತ ಏರಿ ಬರುವ ‘ಹತ್ತುಮೀನ’ನ್ನು ಬಲ್ಲರು, ಊರ ಮೀನುಗಳ ಆ ಏರಾಟದ ಹಿಂದೆ ಇರುವುದೂ ಇದೇ ಪ್ರಚೋದನೆ. ಕೆರೆಯಲ್ಲಿ ಬೆಳೆದ ರೋಹುವಿನ ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಳ್ಳುತ್ತದೆ, ಆದರೆ ಹೊರಗೆ ಬರುವುದಿಲ್ಲ. ಕೆಲವು ವಾರ ಕಾದು ದೇಹವೇ ಅದನ್ನು ಮತ್ತೆ ಹೀರಿಕೊಂಡುಬಿಡುತ್ತದೆ.

ಈ ಬೀಗವನ್ನು ತೆಗೆದದ್ದು 1957ರ ಜುಲೈ 10ರಂದು. ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಞಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುವುದು. ಮುಂದೆ ಎಷ್ಟೋ ವರ್ಷ ಮೀನಿನ ತಲೆ ಸೀಳಿ ಗ್ರಂಥಿ ತೆಗೆದು, ಆಲ್ಕೋಹಾಲ್‌ನಲ್ಲಿ ಇಟ್ಟು, ಅರೆದು ಚುಚ್ಚುವ ಕೆಲಸವೇ ನಡೆಯಿತು. ಸಿದ್ಧ ಹಾರ್ಮೋನು ಓವಾಪ್ರಿಮ್ ಬಂದಾಗ ಅದನ್ನು ನಮ್ಮ ಮೀನುಗಳ ಮೇಲೆ ಪರೀಕ್ಷಿಸಿದವರಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಎಂ.ಸಿ. ನಂದೀಶ ಮತ್ತು ಟಿ.ಜೆ. ವರ್ಗೀಸ್ ಮುಖ್ಯರು; ಆ ವರದಿ 1990ರಲ್ಲಿ ಮಂಗಳೂರಿನಿಂದಲೇ ಹೊರಬಂತು. 1969ರಲ್ಲಿ ಶುರುವಾದ ಆ ಕಾಲೇಜು ದೇಶದ ಮೊದಲ ಮೀನುಗಾರಿಕಾ ಕಾಲೇಜು. ಇಂದು ಲಕ್ಕವಳ್ಳಿ ಅಣೆಕಟ್ಟೆಯ ಕೆಳಗಿನ ಬಿ.ಆರ್. ಪ್ರಾಜೆಕ್ಟ್‌ನ ಮರಿ ಉತ್ಪಾದನಾ ಕೇಂದ್ರವೂ ಸೇರಿದಂತೆ ಎಲ್ಲೆಡೆ ನಡೆಯುವುದು ಚುಚ್ಚುಮದ್ದಿನ ಕೆಲಸವೇ. ಸಂಜೆ ಚುಚ್ಚಿ ದುಂಡನೆಯ ತೊಟ್ಟಿಗೆ ಬಿಟ್ಟರೆ, ನೀರು ಸುತ್ತುತ್ತಿದ್ದರೆ, ಬೆಳಗಾಗುವುದರೊಳಗೆ ಮೊಟ್ಟೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಬೆಳೆದುಬಿಟ್ಟಿದೆ. ಚುಚ್ಚುಮದ್ದು ಮೊಟ್ಟೆಯನ್ನು ಹುಟ್ಟಿಸುವುದಿಲ್ಲ. ಆಗಲೇ ತುಂಬಿ ಬಲಿತು ನಿಂತ ಮೊಟ್ಟೆ ಹೊರಬರಲು ಅದು ಅಪ್ಪಣೆ ಕೊಡುತ್ತದೆ, ಅಷ್ಟೆ. ಮೊಟ್ಟೆ ಸರಿಯಾಗಿ ಬಲಿಯದಿದ್ದರೆ ಎಷ್ಟು ದುಬಾರಿ ಹಾರ್ಮೋನು ಚುಚ್ಚಿದರೂ ಬರುವುದು ಅರ್ಧಂಬರ್ಧ ಮೊಟ್ಟೆ, ಇಲ್ಲವೇ ಏನೂ ಇಲ್ಲ.

ಮೊಟ್ಟೆ ಬಲಿಯುವುದು ಹೇಗೆ? ಸಂಕ್ರಾಂತಿ ಕಳೆದು ಹಗಲು ಉದ್ದವಾಗುತ್ತ, ನೀರು ಬೆಚ್ಚಗಾಗುತ್ತ ಬಂದಂತೆ ಮೀನಿನ ಮಿದುಳು ಪಿಟ್ಯುಟರಿಯನ್ನು ಎಬ್ಬಿಸುತ್ತದೆ. ಪಿಟ್ಯುಟರಿಯ ಹಾರ್ಮೋನು ಅಂಡಾಶಯಕ್ಕೆ ಹೋಗುತ್ತದೆ. ಅಂಡಾಶಯ ಈಸ್ಟ್ರೋಜನ್ ಸುರಿಸುತ್ತದೆ. ಆ ಈಸ್ಟ್ರೋಜನ್ ಹೋಗಿ ಕೆಲಸ ಹಚ್ಚುವುದು ಯಕೃತ್ತಿಗೆ. ಹಳದಿಯ ಮೂಲ ಪ್ರೋಟೀನ್ ತಯಾರಾಗುವುದು ಅಲ್ಲಿ. ಅದಕ್ಕೆ ವೈಟೆಲ್ಲೊಜೆನಿನ್ ಎಂದು ಹೆಸರು. ಕೊಬ್ಬು, ರಂಜಕ, ಸುಣ್ಣದಂಶಗಳನ್ನು ಹೊತ್ತುಕೊಂಡು ಅದು ರಕ್ತದಲ್ಲಿ ಹರಿದು ಒಂದೊಂದು ಮೊಟ್ಟೆಯೊಳಗೂ ಇಳಿಯುತ್ತದೆ. ಒಂದು ಕೆ.ಜಿ. ತೂಕದ ಹೆಣ್ಣು ರೋಹು ಹೊರುವ ಮೊಟ್ಟೆ ಸುಮಾರು ಎರಡು ಲಕ್ಷ. ಅಷ್ಟಕ್ಕೂ ಹಳದಿ ತುಂಬಬೇಕು. ಮೂರು ನಾಲ್ಕು ತಿಂಗಳು ಯಕೃತ್ತು ಇದಕ್ಕಾಗಿಯೇ ದುಡಿಯುತ್ತದೆ ಎಂದರೆ ತಪ್ಪಿಲ್ಲ. ಈ ಯಕೃತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮರಿಗೆ ಮೊದಲು ತಾಯಿಗೆ ಮೇವು ಬೇಕು ಎಂಬುದನ್ನು ಅಜ್ಜಂಪುರದವರಿಗೆ ಹೇಳಿಕೊಡಬೇಕಾಗಿಲ್ಲ. 1929ರಿಂದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವ ಊರು ಅದು. ಹಸು ಗಬ್ಬ ಕಟ್ಟಬೇಕಾದರೆ ಕಾವಲಿನಲ್ಲಿ ಹುಲ್ಲು ಸಾಲದು, ಮೊದಲೇ ಒಂದಿಷ್ಟು ಹುರುಳಿ, ಹಿಂಡಿ ಬೀಳಬೇಕು ಎನ್ನುವುದು ದನ ಕಟ್ಟುವ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೀನಿನ ವಿಷಯಕ್ಕೆ ಬಂದಾಗ ಮಾತ್ರ, ನೀರಿನಲ್ಲಿ ಇದೆಯಲ್ಲ, ಏನೋ ತಿಂದುಕೊಳ್ಳುತ್ತದೆ ಎಂಬ ಉದಾಸೀನ.

ನಮ್ಮಲ್ಲಿ ತಾಯಿಮೀನಿಗೆ ಹಾಕುವ ವಾಡಿಕೆಯ ಮೇವು ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ, ಸಮ ಪಾಲು. ಈ ಸೀಮೆಗೆ ಅದು ಒದಗಿ ಬಂದ ಮೇವು ಕೂಡ. ಪಶ್ಚಿಮಕ್ಕೆ ಭದ್ರಾ ಅಚ್ಚುಕಟ್ಟಿನ ಭತ್ತದ ಮಿಲ್ಲುಗಳಿವೆ, ತೌಡು ಅಲ್ಲಿಂದ. ಪೂರ್ವಕ್ಕೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿವೆ, ಹಿಂಡಿ ಅಲ್ಲಿಂದ. ತೌಡಿನಲ್ಲಿ ಶೇ 12ರಷ್ಟು ಪ್ರೋಟೀನ್, ಹಿಂಡಿಯಲ್ಲಿ ಶೇ 40ಕ್ಕೂ ಮೇಲೆ. ಬೆರೆಸಿದರೆ ಶೇ 26-27ರ ಸುಮಾರಿಗೆ ನಿಲ್ಲುತ್ತದೆ. ಗೆಂಡೆ ಜಾತಿಯ ತಾಯಿಮೀನಿಗೆ ಅದು ಕಡಿಮೆಯೇನಲ್ಲ. ಹಾಗಾದರೆ ಕೊರತೆ ಎಲ್ಲಿ?

ಕೊರತೆ ಇರುವುದು ಪ್ರೋಟೀನಿನ ಅಳತೆಯಲ್ಲಲ್ಲ, ಗುಣದಲ್ಲಿ. ಕಡಲೆಕಾಯಿ ಹಿಂಡಿಯಲ್ಲಿ ಲೈಸಿನ್, ಮೆಥಿಯೊನಿನ್ ಎಂಬ ಎರಡು ಅಮೈನೊ ಆಮ್ಲಗಳು ಕಡಿಮೆ. ಅದರ ಎಣ್ಣೆಯಲ್ಲಿ ಒಮೆಗಾ-6 ಧಾರಾಳವಿದೆ, ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಮರಿಯ ಕಣ್ಣು ಮತ್ತು ನರಗಳ ಪೊರೆ ಕಟ್ಟುವುದಕ್ಕೆ ಬೇಕಾದದ್ದು ಆ ಒಮೆಗಾ-3 ಗುಂಪಿನ ಕೊಬ್ಬು. ‘ಸಿ’ ಜೀವಸತ್ವ ಎರಡರಲ್ಲೂ ಇಲ್ಲ; ರೋಹುವಿನಂಥ ಮೀನುಗಳಿಗೆ ಅದನ್ನು ದೇಹದಲ್ಲೇ ತಯಾರಿಸಿಕೊಳ್ಳುವ ಶಕ್ತಿಯೂ ಇಲ್ಲ. ‘ಇ’ ಜೀವಸತ್ವ ತಾಜಾ ತೌಡಿನ ಎಣ್ಣೆಯಲ್ಲಿ ಚೆನ್ನಾಗಿದೆ. ಆದರೆ ತೌಡು ಮಿಲ್ಲಿನಿಂದ ಬಂದು ಕೆಲವೇ ವಾರಗಳಲ್ಲಿ ಕಮಟು ಹಿಡಿಯುತ್ತದೆ, ಕಮಟಾದ ಎಣ್ಣೆ ‘ಇ’ ಜೀವಸತ್ವವನ್ನು ತಿಂದುಹಾಕುತ್ತದೆ. ಕೆಡದಿರಲಿ ಎಂದು ಎಣ್ಣೆ ತೆಗೆದ ತೌಡು ತಂದರೆ ಎಣ್ಣೆಯ ಜೊತೆ ಜೀವಸತ್ವವೂ ಮೊದಲೇ ಹೋಗಿರುತ್ತದೆ. ಬೆಳೆಸಿ ಮಾರುವ ಮೀನಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ತಾಯಿಮೀನಿಗೆ ಇದೆ.

‘ಇ’ ಜೀವಸತ್ವದ ಕಥೆ ಶುರುವಾದದ್ದೇ ಸಂತಾನದಿಂದ. 1922ರಲ್ಲಿ ಕ್ಯಾಲಿಫೋರ್ನಿಯಾದ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಇಲಿಗಳಿಗೆ ಎಲ್ಲ ಪೋಷಕಾಂಶ ಇದೆ ಎಂದು ಆಗ ನಂಬಿದ್ದ ಆಹಾರ ಕೊಟ್ಟು ನೋಡಿದರು. ಇಲಿಗಳು ಚೆನ್ನಾಗಿಯೇ ಬೆಳೆದವು, ಗರ್ಭವನ್ನೂ ಧರಿಸಿದವು, ಆದರೆ ಭ್ರೂಣ ಉಳಿಯಲಿಲ್ಲ. ಹಸಿರು ಎಲೆ ಕೊಟ್ಟಾಗ ಉಳಿಯಿತು. ಗೆಂಡೆ ಮೀನಿನಲ್ಲೂ ಹೀಗೇ ಎಂದು 1970ರ ದಶಕದಲ್ಲಿ ತೋರಿಸಿದವರು ಜಪಾನಿನ ತಾಕೆಶಿ ವತನಾಬೆ ಮತ್ತು ಸಂಗಡಿಗರು. ‘ಇ’ ಜೀವಸತ್ವ ಇಲ್ಲದ ಮೇವು ತಿಂದ ಗೆಂಡೆಗಳ ಅಂಡಾಶಯ ಬೆಳೆಯದೆ ಸೊರಗಿತು. ವತನಾಬೆ ಮುಂದೆ 1980ರ ದಶಕದಲ್ಲಿ ಸಮುದ್ರದ ಕೆಂಪು ಬ್ರೀಮ್ ಮೀನಿಗೆ ಕಟಲ್ ಮೀನಿನ ಪುಡಿ, ಕ್ರಿಲ್ ಎಂಬ ಪುಟ್ಟ ಸಿಗಡಿಯಂಥ ಜೀವಿ ಹಾಕಿ, ಮೊಟ್ಟೆ ಇಡುವ ಹೊತ್ತಿನ ಮೇವು ಬದಲಿಸಿದರೂ ಮೊಟ್ಟೆಯ ಗುಣ ಬದಲಾಗುತ್ತದೆ ಎಂದು ಕಂಡುಕೊಂಡರು.

ಈ ಕೊನೆಯ ಮಾತನ್ನು ಹಿಡಿದುಕೊಂಡೇ ನಮ್ಮಲ್ಲಿ ಮೇ ಕೊನೆಯಲ್ಲಿ ಒಂದು ಡಬ್ಬ ಟಾನಿಕ್ ತಂದು ಸುರಿಯುವ ಚಾಳಿ ಬಂದಿದೆಯೇನೋ. ಕೆಂಪು ಬ್ರೀಮ್ ವಾರಗಟ್ಟಲೆ ದಿನದಿನವೂ ಸ್ವಲ್ಪ ಸ್ವಲ್ಪ ಮೊಟ್ಟೆ ಇಡುತ್ತ, ಇಡುತ್ತಲೇ ತಿನ್ನುತ್ತದೆ. ಹಾಗಾಗಿ ನಿನ್ನೆಯ ಮೇವು ನಾಳೆಯ ಮೊಟ್ಟೆಗೆ ಹೋಗುತ್ತದೆ. ನಮ್ಮ ರೋಹು, ಕಾಟ್ಲಾ ಹಾಗಲ್ಲ. ಹೊಟ್ಟೆಯ ಮೊಟ್ಟೆಯೆಲ್ಲ ಒಂದೇ ಸಲಕ್ಕೆ ಬಲಿಯುತ್ತದೆ, ಅದರ ಹಳದಿ ತುಂಬುವುದು ಫೆಬ್ರುವರಿಯಿಂದ. ಮೃಗಶಿರಾ ಮಳೆಗೆ ನಾಲ್ಕು ದಿನ ಮುಂಚೆ ಕೊಟ್ಟ ಜೀವಸತ್ವ ಆ ಮೊಟ್ಟೆಗೆ ಏನು ತಲುಪೀತು?

ಮೇವಿನ ಅಂಗಡಿಗಳಲ್ಲಿ ಈಗ ಲಿವರ್ ಟಾನಿಕ್, ಮಿನರಲ್ ಮಿಕ್ಸ್ಚರ್, ಪ್ರೋಬಯಾಟಿಕ್, ಗಿಡಮೂಲಿಕೆ ಪುಡಿ ಎಂದು ಸಾಲುಸಾಲು ಡಬ್ಬಗಳಿವೆ. ಎಲ್ಲವೂ ಮೋಸ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಪ್ರೋಬಯಾಟಿಕ್ ಬಗ್ಗೆ ನಮ್ಮ ದೇಶದಲ್ಲೇ ಕುತೂಹಲದ ಕೆಲಸ ನಡೆದಿದೆ. ಮೃಗಾಲ್ ಮೀನಿನ ಕರುಳಿನಿಂದ ತೆಗೆದ ಬ್ಯಾಸಿಲಸ್ ಸೂಕ್ಷ್ಮಾಣುವನ್ನು ಮೇವಿನಲ್ಲಿ ಬೆರೆಸಿ ಗಪ್ಪಿ, ಮಾಲಿಯಂಥ ಅಲಂಕಾರಿಕ ಮೀನುಗಳಿಗೆ ಕೊಟ್ಟಾಗ ಅವು ಹಾಕುವ ಮರಿಗಳ ಸಂಖ್ಯೆ ಹೆಚ್ಚಿದ್ದನ್ನು 2007ರಲ್ಲಿ ವರದಿ ಮಾಡಿದ್ದಾರೆ. ಆದರೆ ಗಾಜಿನ ತೊಟ್ಟಿಯ ಗಪ್ಪಿ ಬೇರೆ, ಮಣ್ಣಿನ ಕೊಳದ ಮೂರು ಕೆ.ಜಿ. ಕಾಟ್ಲಾ ಬೇರೆ. ಡಬ್ಬ ಕೊಳ್ಳುವಾಗ ನೋಡಬೇಕಾದದ್ದು ಚಿತ್ರವನ್ನಲ್ಲ. ಮೂಲ ಮೇವಿನಲ್ಲಿ ಯಾವುದು ಕಡಿಮೆ ಇದೆಯೋ ಅದು ಡಬ್ಬದಲ್ಲಿ ಇದೆಯೇ, ಎಷ್ಟಿದೆ, ಯಾವ ತಾರೀಕಿನದು ಎಂಬುದನ್ನು. ಇಲ್ಲದ್ದನ್ನು ತುಂಬಿದರೆ ಫಲ ಕಾಣುತ್ತದೆ. ಇದ್ದದ್ದರ ಮೇಲೆ ಸುರಿದರೆ ನೀರಿಗೆ ಹೋಗುತ್ತದೆ, ಅಕ್ಷರಶಃ.

ಕಡಿಮೆ ಖರ್ಚಿನ ಮೊದಲ ಪೂರಕ ಅಂಗಡಿಯಲ್ಲಿ ಸಿಗುವಂಥದ್ದೇ ಅಲ್ಲ. ಕೊಳದ ನೀರು ಹಸಿರಾಗಿ, ಅದರಲ್ಲಿ ಪ್ಲಾಂಕ್ಟನ್ ಎಂಬ ಸೂಕ್ಷ್ಮ ಸಸ್ಯ, ಜೀವಿಗಳು ತುಂಬಿದ್ದರೆ ಒಮೆಗಾ-3 ಕೊಬ್ಬು, ಬಣ್ಣದ ಕ್ಯಾರೊಟಿನಾಯ್ಡ್, ಜೀವಸತ್ವ ಎಲ್ಲ ಒಂದಿಷ್ಟು ಅಲ್ಲಿಂದ ಸಿಗುತ್ತದೆ. ಸಗಣಿ ಗೊಬ್ಬರ, ಸುಣ್ಣ ಹಾಕಿ ನೀರು ಹದ ಮಾಡುವುದು ಅದಕ್ಕೇ. ಕಾಟ್ಲಾ ವಿಶೇಷವಾಗಿ ಇದರ ಮೇಲೆ ಅವಲಂಬಿತ. ನೀರಿನ ಮೇಲ್ಪದರದಲ್ಲಿ ಬಾಯಿ ತೆರೆದು ಜೀವಿ ಪ್ಲಾಂಕ್ಟನ್ ಸೋಸಿ ತಿನ್ನುವ ಮೀನದು. ತಳಕ್ಕೆ ಬಿದ್ದ ಹಿಂಡಿಯುಂಡೆ ಅದಕ್ಕೆ ಒಗ್ಗುವುದಿಲ್ಲ. ಮರಿ ಕೇಂದ್ರಗಳಲ್ಲಿ ‘ಕಾಟ್ಲಾ ಹೆಣ್ಣು ಬಲಿಯುವುದೇ ಇಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಹಸಿವು. ಅಜ್ಜಂಪುರ, ಕಡೂರಿನ ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಬಿಟ್ಟು ತುಂಬಿಸಿದ ತಿಳಿ ನೀರಿನ ಕೊಳದಲ್ಲಿ ಈ ಸಹಜ ಮೇವು ಕಡಿಮೆ. ಅಲ್ಲಿ ಹೊರಗಿನಿಂದ ಕೊಡುವ ಪೂರಕ ನಿಜವಾಗಿಯೂ ಬೇಕು.

ಏನು ಕೊಡುವುದು? ಮೀನಿನ ಪುಡಿ, ಸ್ವಲ್ಪ ಮೀನೆಣ್ಣೆ ಸುಲಭದ ಉತ್ತರ. ಕರಾವಳಿಯಿಂದ ಬರಬೇಕು, ಬೆಲೆಯೂ ಹೆಚ್ಚು, ಕಲಬೆರಕೆಯೂ ಇದೆ. ಕರ್ನಾಟಕದಲ್ಲಿ ಇನ್ನೊಂದು ವಸ್ತುವಿದೆ, ರಾಮನಗರ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಪ್ಯೂಪಾ. ಮಂಗಳೂರಿನ ನಂದೀಶ, ಕೇಶವನಾಥ್, ವರ್ಗೀಸ್ ಮೊದಲಾದವರು ಎಣ್ಣೆ ತೆಗೆಯದ ಪ್ಯೂಪಾವನ್ನು ಸಾಮಾನ್ಯ ಗೆಂಡೆಯ ಮೇವಿನಲ್ಲಿ ಬೆರೆಸಿ 1990ರಲ್ಲೇ ಪ್ರಕಟಿಸಿದ ಕೆಲಸ ಇದೆ. ಅದು ಬೆಳವಣಿಗೆಯ ಕುರಿತ ಪ್ರಯೋಗ, ಸಂತಾನದ್ದಲ್ಲ. ಆದರೂ ತಾಯಿಮೀನಿಗೆ ಪ್ಯೂಪಾ ಒಳ್ಳೆಯದು ಎನ್ನಲು ಒಂದು ಗಟ್ಟಿ ಕಾರಣವಿದೆ. ಪ್ಯೂಪಾದ ಎಣ್ಣೆಯಲ್ಲಿ ಲಿನೊಲೆನಿಕ್ ಎಂಬ ಒಮೆಗಾ-3 ಕೊಬ್ಬಿನ ಆಮ್ಲ ಧಾರಾಳವಾಗಿದೆ. ಸಮುದ್ರದ ಮೀನುಗಳಿಗೆ ಅದರಿಂದ ಉಪಯೋಗ ಕಡಿಮೆ, ಅವಕ್ಕೆ ಮೀನೆಣ್ಣೆಯೇ ಆಗಬೇಕು. ಸಿಹಿನೀರಿನ ಗೆಂಡೆ ಜಾತಿಗಳು ಮಾತ್ರ ಅದನ್ನು ತಮ್ಮ ದೇಹದಲ್ಲೇ ಉದ್ದ ಸರಪಳಿಯ ಕೊಬ್ಬಾಗಿ ಮಾರ್ಪಡಿಸಿಕೊಳ್ಳಬಲ್ಲವು. ಕಡಲೆಕಾಯಿ ಹಿಂಡಿಯಲ್ಲಿ ಇಲ್ಲದ್ದು ಪ್ಯೂಪಾದಲ್ಲಿ ಇದೆ ಎಂದಾಯಿತು. ವಾಸನೆ ಸಹಿಸಿಕೊಳ್ಳಬೇಕು, ಹಳಸದಂತೆ ಒಣಗಿಸಿ ಇಡಬೇಕು, ಅಷ್ಟೆ.

ಸಿದ್ಧ ಮೇವೂ ಬಂದಿದೆ. ಭುವನೇಶ್ವರದ ಬಳಿ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ‘ಸಿಫಾ’, ಗೆಂಡೆ ಜಾತಿಯ ತಾಯಿಮೀನಿಗೆಂದೇ ‘ಸಿಫಾಬ್ರೂಡ್’ ಎಂಬ ಮೇವು ರೂಪಿಸಿದೆ. ಮೀನು ಬೇಗ ಬಲಿಯುತ್ತದೆ, ಮುಂಗಾರಿಗೆ ಮೊದಲೇ ಮೊಟ್ಟೆ ಇಡಿಸಬಹುದು ಎನ್ನುವುದು ಅದರ ಮುಖ್ಯ ಹೇಳಿಕೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಸಿಫಾದ ಪ್ರಾದೇಶಿಕ ಕೇಂದ್ರವೂ ಇರುವುದರಿಂದ ನಮ್ಮವರು ಅಲ್ಲಿ ವಿಚಾರಿಸಬಹುದು. ಮೊದಲೇ ಮರಿ ಸಿಗುವುದೆಂದರೆ ಕಡೂರಿನವರಿಗೆ ಅದೇ ದೊಡ್ಡ ಮಾತು. ಕೆರೆಗೆ ನೀರು ಬರುವ ಹೊತ್ತಿಗೆ ಬೆರಳುದ್ದದ ಬಲಿತ ಬಿತ್ತನೆ ಮರಿ ಕೈಯಲ್ಲಿರುತ್ತದೆ, ನೀರು ಬತ್ತುವ ಮೊದಲು ಹಿಡಿಯಲು ಸಾಕಷ್ಟು ದಿನ ಸಿಗುತ್ತದೆ.

ಖರ್ಚಿನ ಮಾತು ಬಂದಾಗ ಮರಿ ಕೇಂದ್ರದವರು ಮುಖ ಸಿಂಡರಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ಮೂರು ಕೆ.ಜಿ. ಹೆಣ್ಣು ರೋಹುವಿಗೆ ದೇಹತೂಕದ ಶೇ 2ರಂತೆ ದಿನಕ್ಕೆ 60 ಗ್ರಾಂ ಮೇವು. ನಾಲ್ಕು ತಿಂಗಳಿಗೆ 7 ಕೆ.ಜಿ. ಚಿಲ್ಲರೆ. ಅದು ಇಡುವ ಮೊಟ್ಟೆ ಆರು ಲಕ್ಷದ ಸುಮಾರು. ಮೊಟ್ಟೆ ಒಡೆಯುವ ಪ್ರಮಾಣ ನೂರಕ್ಕೆ ಹತ್ತು ಹೆಚ್ಚಿದರೂ ಅರವತ್ತು ಸಾವಿರ ಮರಿ ಹೆಚ್ಚುವರಿ. ಏಳು ಕೆ.ಜಿ. ಮೇವನ್ನು ಒಂದಿಷ್ಟು ಉತ್ತಮಗೊಳಿಸಲು ತಗಲುವ ಹಣವನ್ನು ಅರವತ್ತು ಸಾವಿರ ಮರಿಯ ಬೆಲೆಯ ಪಕ್ಕ ಇಟ್ಟರೆ ಚರ್ಚೆಗೆ ಜಾಗವಿಲ್ಲ. ಆದರೂ ಮಾಡುವುದಿಲ್ಲ, ಏಕೆಂದರೆ ಬಲಹೀನ ಮರಿ ಸಾಯುವುದು ಮರಿ ಕೇಂದ್ರದಲ್ಲಿ ಅಲ್ಲ, ಕೊಂಡವನ ಕೆರೆಯಲ್ಲಿ.

ಇನ್ನು ಅತಿಯಾದರೆ? ಧಾರಾಳವಾಗಿ ಸುರಿದರೆ ಹೊಟ್ಟೆಯಲ್ಲಿ ಕೊಬ್ಬು ಗಡ್ಡೆ ಕಟ್ಟಿ, ಅಂಡಾಶಯಕ್ಕೆ ಜಾಗವಿಲ್ಲದಂತಾಗಿ, ಚುಚ್ಚಿದರೂ ಮೊಟ್ಟೆ ಬಾರದು. ಡುಬ್ಬ ಹೊಟ್ಟೆ ನೋಡಿ ‘ಮೊಟ್ಟೆ ತುಂಬಿದೆ’ ಎಂದು ಮೋಸ ಹೋಗುವುದು ಇಂಥಲ್ಲೇ.

ಕೊಬ್ಬಿಗಿಂತ ನಾನು ಹೆಚ್ಚು ಹೆದರುವುದು ಬೂಸ್ಟಿಗೆ. ಮುಂಗಾರು ಪೂರ್ವದ ಮಳೆಗೆ ಗೋದಾಮಿನಲ್ಲಿ ತೇವ ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಹಸಿರು-ಹಳದಿ ಬೂಸ್ಟು ಬೆಳೆಯುತ್ತದೆ, ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರ ಆಸುಪಾಸಿನಲ್ಲಿ ಅಮೆರಿಕದ ಮೀನುಮರಿ ಕೇಂದ್ರಗಳಲ್ಲಿ ಟ್ರೌಟ್ ಮೀನುಗಳಿಗೆ ಸಾಮೂಹಿಕವಾಗಿ ಯಕೃತ್ತಿನ ಕ್ಯಾನ್ಸರ್ ಬಂದಾಗ ಮೂಲ ಹುಡುಕಿದರೆ ಸಿಕ್ಕಿದ್ದು ಮೇವಿನಲ್ಲಿದ್ದ ಹತ್ತಿಬೀಜದ ಹಿಂಡಿಯ ಅಫ್ಲಾಟಾಕ್ಸಿನ್. ನಮ್ಮ ಗೆಂಡೆಗಳು ಟ್ರೌಟ್‌ನಷ್ಟು ನಾಜೂಕಲ್ಲ, ನಿಜ. ಆದರೆ ಹಳದಿ ತಯಾರಿಸುವ ಅಂಗ ಯಾವುದೋ, ಈ ವಿಷ ಮೊದಲು ಹೊಡೆಯುವ ಅಂಗವೂ ಅದೇ. ಯಕೃತ್ತು ವಿಷ ಕಳೆಯುವುದರಲ್ಲಿ ತೊಡಗಿದರೆ ಹಳದಿ ಯಾರು ಮಾಡಬೇಕು? ಬೂಸ್ಟು ಹಿಡಿದ ಹಿಂಡಿ ಹಾಕಿ, ಅದರ ಮೇಲೆ ಲಿವರ್ ಟಾನಿಕ್ ಸುರಿಯುವುದಕ್ಕಿಂತ ಆ ಹಿಂಡಿಯನ್ನು ಎಸೆಯುವುದೇ ಅಗ್ಗ. ಅದನ್ನು ದನಕ್ಕೂ ಹಾಕಬೇಡಿ, ವಿಷ ಹಾಲಿಗೆ ಇಳಿಯುತ್ತದೆ.

ಗಂಡು ಮೀನನ್ನು ಎಲ್ಲರೂ ಮರೆಯುತ್ತಾರೆ. ಮೊಟ್ಟೆ ಒಡೆಯದಿದ್ದರೆ ತಪ್ಪೆಲ್ಲ ಹೆಣ್ಣಿನದು. ಟ್ರೌಟ್ ಮೀನಿನ ಮೇಲೆ 1990ರ ದಶಕದಲ್ಲಿ ನಡೆದ ಕೆಲಸದಲ್ಲಿ, ಮೇವಿನಲ್ಲಿ ‘ಸಿ’ ಜೀವಸತ್ವ ಕಡಿಮೆಯಾದ ಗಂಡುಗಳ ವೀರ್ಯದ ಗುಣ ಕುಸಿದದ್ದು ಕಂಡಿತ್ತು. ಹತ್ತಿಬೀಜದ ಹಿಂಡಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹಸುವಿಗೆ ಹಾಲು ಹೆಚ್ಚಲೆಂದು ಕೊಡುವ ಆ ಹಿಂಡಿಯಲ್ಲಿ ಗಾಸಿಪಾಲ್ ಎಂಬ ಅಂಶವಿದೆ. ಅದು ಗಂಡಿನ ಫಲವತ್ತತೆಗೆ ಕೆಡುಕು ಮಾಡುವುದು ಹಲವು ಪ್ರಾಣಿಗಳಲ್ಲಿ ಸಾಬೀತಾಗಿದೆ. ಮಾರುವ ಮೀನಿಗೆ ಮಿತವಾಗಿ ಹಾಕಿದರೆ ಅಡ್ಡಿಯಿಲ್ಲ. ತಳಿಗೆ ಇಟ್ಟ ಗಂಡಿಗೆ ಬೇಡ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮರಿ ಬೇಕೆನ್ನುವವರ ಕಥೆ. ಕೆರೆಯಲ್ಲಿ ಮೀನು ಬೆಳೆಸುವ ರೈತನ ಗೋಳು ಇದಕ್ಕೆ ನೇರ ಉಲ್ಟಾ. ಅವನಿಗೆ ಮೊಟ್ಟೆ ಬೇಡ, ಮಾಂಸ ಬೇಕು. ಆದರೆ ಸಾಮಾನ್ಯ ಗೆಂಡೆ ಅವನ ಮಾತು ಕೇಳುವುದಿಲ್ಲ. ನಮ್ಮ ಕೆರೆಗಳಲ್ಲಿರುವ ಗೆಂಡೆಯ ಮೂಲ ಹೆಚ್ಚಾಗಿ 1957ರಲ್ಲಿ ಬ್ಯಾಂಕಾಕ್‌ನಿಂದ ಭಾರತಕ್ಕೆ ಬಂದ ತಳಿ. ಅದಕ್ಕೆ ಹರಿವ ನೀರು ಬೇಕಿಲ್ಲ, ಚುಚ್ಚುಮದ್ದೂ ಬೇಕಿಲ್ಲ. ನೀರಿನ ಗಿಡಗಳಿಗೆ ಮೊಟ್ಟೆ ಅಂಟಿಸಿಬಿಡುತ್ತದೆ. ಬೆಚ್ಚನೆಯ ನೀರಿನಲ್ಲಿ ಆರೇ ತಿಂಗಳಿಗೆ, ಇನ್ನೂ ಅಂಗೈಯಗಲ ಇರುವಾಗಲೇ ಹೊಟ್ಟೆ ತುಂಬ ಮೊಟ್ಟೆ. ರೈತ ಹಾಕಿದ ಹಿಂಡಿ, ತೌಡು ಮಾಂಸವಾಗುವ ಬದಲು ಮೊಟ್ಟೆಯಾಗುತ್ತದೆ. ಕತ್ತರಿಸಿದಾಗ ತೂಕದ ಒಂದು ಪಾಲು ಮೊಟ್ಟೆಯ ರೂಪದಲ್ಲಿ ಹೋಗುತ್ತದೆ. ಹುಟ್ಟಿದ ಪುಡಿ ಮರಿಗಳು ಉಳಿದ ಮೇವಿಗೆ ಪೈಪೋಟಿಗೆ ನಿಲ್ಲುತ್ತವೆ. ಮೇವು ಚೆನ್ನಾಗಿ ಹಾಕಿದರೆ ಈ ಚಾಳಿ ನಿಲ್ಲುವುದಿಲ್ಲ. ಮೊಟ್ಟೆ ಇನ್ನಷ್ಟು ತುಂಬಿಕೊಳ್ಳುತ್ತದೆ.

ಇದು ಕರ್ನಾಟಕದ್ದೇ ಸಮಸ್ಯೆ ಎಂದು ಗುರುತಿಸಿ ಇಲ್ಲಿಯೇ ಕೆಲಸ ಮಾಡಿದವರಿದ್ದಾರೆ. ವೈ. ಬಸವರಾಜು ಮತ್ತು ಬ್ರಿಟನ್ನಿನ ಡೇವಿಡ್ ಪೆನ್ಮನ್, ಗ್ರಹಾಂ ಮೇರ್ ಮೊದಲಾದವರ ತಂಡ, ವರ್ಣತಂತುಗಳ ಎರಡು ಗುಂಪಿನ ಬದಲು ಮೂರು ಗುಂಪು ಇರುವ ಬಂಜೆ ಗೆಂಡೆ ಮಾಡಿದರೆ ಕಾಲಕ್ಕೆ ಮುಂಚಿನ ಈ ಬಲಿಯುವಿಕೆ ತಪ್ಪೀತೇ ಎಂದು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿತು. ಪ್ರತಿ ಸಲ ಮೊಟ್ಟೆಗೆ ಉಷ್ಣದ ಆಘಾತ ಕೊಟ್ಟು ಮರಿ ಮಾಡಬೇಕಾದ ಆ ದಾರಿ ಹಳ್ಳಿ ಕೆರೆಗೆ ದೂರದ್ದು. ಅದಕ್ಕಿಂತ ಕೆಲಸಕ್ಕೆ ಬಂದದ್ದು ತಳಿ ಬದಲಾವಣೆ. ಹಂಗೇರಿಯಿಂದ ತಂದು ಹೆಸರಘಟ್ಟದಲ್ಲಿ ಒಗ್ಗಿಸಿದ ಅಮೂರ್ ಗೆಂಡೆ ತಡವಾಗಿ ಬಲಿಯುತ್ತದೆ, ಬೇಗ ಬೆಳೆಯುತ್ತದೆ. ಕೆರೆಗೆ ಗೆಂಡೆ ಬಿಡುವವರು ಕೇಳಿ ತರಬೇಕಾದದ್ದು ಅದನ್ನು.

ಮೇವಿನ ಮೂಲಕವೇ ಸಂತಾನ ನಿಲ್ಲಿಸುವ ದಾರಿಯೂ ಒಂದಿದೆ, ಜಿಲೇಬಿ ಮೀನಿನಲ್ಲಿ. ಆ ತಿಲಾಪಿಯಾ ಮರಿಗಳಿಗೆ ಹುಟ್ಟಿದ ಮೊದಲ ಮೂರು ನಾಲ್ಕು ವಾರ ಪುರುಷ ಹಾರ್ಮೋನು ಬೆರೆಸಿದ ಮೇವು ಕೊಟ್ಟರೆ ಹೆಚ್ಚುಕಡಿಮೆ ಎಲ್ಲವೂ ಗಂಡಾಗುತ್ತವೆ, ಕೊಳದಲ್ಲಿ ಮರಿ ಸಂತೆ ನಿಲ್ಲುತ್ತದೆ. ಮೇವಿನ ಬೆರಕೆ ಮೀನಿನ ಲಿಂಗವನ್ನೇ ಬದಲಿಸಬಲ್ಲದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಪರವಾನಗಿ ಇರುವ ಮರಿ ಕೇಂದ್ರದ ಗೋಡೆಯೊಳಗೆ ಆಗಬೇಕಾದ ಕೆಲಸ ಅದು. ಕೃಷಿ ಹೊಂಡದವರು ಆ ಪುಡಿಯನ್ನು ಕೈಯಿಂದ ಮುಟ್ಟಲೂ ಹೋಗಬಾರದು, ಹೊಂಡದ ನೀರು ತೋಟಕ್ಕೆ ಹರಿಯುತ್ತದೆ.

ಮೇವಿನಿಂದ ಸರಿಪಡಿಸಲಾಗದ ಸಂಗತಿಯೊಂದನ್ನು ಹೇಳದಿದ್ದರೆ ಲೇಖನ ಡಬ್ಬದ ಜಾಹೀರಾತಾದೀತು. ಎ.ಇ. ಏಕನಾಥ್ ಮತ್ತು ಆರ್.ಡಬ್ಲ್ಯು. ಡಾಯ್ಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕದ ಮೀನುಮರಿ ಕೇಂದ್ರಗಳದ್ದೇ. ಕೆಲವೇ ಜೋಡಿ ತಾಯಿಮೀನುಗಳಿಂದ ಮರಿ ಮಾಡಿ, ಅದೇ ಮರಿಗಳಲ್ಲಿ ಕೆಲವನ್ನು ಮುಂದಿನ ತಾಯಿಮೀನಾಗಿ ಇಟ್ಟುಕೊಂಡು, ಹೊರಗಿನ ರಕ್ತ ತಾರದೆ ನಡೆಸಿದರೆ ಒಳಸಂತಾನ ಎಷ್ಟು ವೇಗವಾಗಿ ಏರುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಅಣ್ಣತಂಗಿಯರ ಮರಿಗಳಿಗೆ ಎಷ್ಟು ‘ಇ’ ಜೀವಸತ್ವ ಕೊಟ್ಟರೂ ಬೆಳವಣಿಗೆ ಕುಂಠಿತವೇ. ಸಿಫಾದಲ್ಲಿ ಆಯ್ಕೆಯಿಂದ ರೂಪಿಸಿ 1997ರಲ್ಲಿ ಸ್ವಾತಂತ್ರ್ಯದ ಸುವರ್ಣೋತ್ಸವದ ಹೊತ್ತಿಗೆ ಹೊರತಂದ ಜಯಂತಿ ರೋಹುವಿನಂಥ ಒಳ್ಳೆಯ ತಳಿ ತಂದು, ಕೆಲವು ವರ್ಷಕ್ಕೊಮ್ಮೆ ತಾಯಿಮೀನು ಬದಲಿಸಿ, ಆಮೇಲೆ ಮೇವಿನ ಮಾತಾಡಬೇಕು.

ಹೀಗಾಗಿ ತಾಯಿಮೀನು ಇಟ್ಟುಕೊಂಡವರಿಗೆ ನನ್ನ ಸಲಹೆ ಚಿಕ್ಕದು. ಫೆಬ್ರುವರಿಯಲ್ಲಿ ಗಂಡು ಹೆಣ್ಣು ಬೇರೆ ಮಾಡುವ ದಿನವೇ ಮೇವು ಬದಲಿಸಿ. ತೌಡು ಹದಿನೈದು ದಿನಕ್ಕಾಗುವಷ್ಟೇ ತನ್ನಿ, ಮೂಸಿ ನೋಡಿ ಕಮಟಿದ್ದರೆ ವಾಪಸು ಕಳಿಸಿ. ಹಿಂಡಿ ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಮೀನಿನ ಪುಡಿಯೋ ಪ್ಯೂಪಾವೋ ಯಾವುದಾದರೂ ಒಂದನ್ನು ಸೇರಿಸಿ. ‘ಸಿ’ ಜೀವಸತ್ವದ ಸಾಮಾನ್ಯ ಪುಡಿ ನೆನೆಸಿದ ಮೇವಿನಲ್ಲಿ ಬೇಗ ಕರಗಿ ಹೋಗುತ್ತದೆ, ನೀರಿಗೆ ಅಳುಕದ ಫಾಸ್ಫೇಟ್ ರೂಪದ್ದನ್ನು ಕೇಳಿ ತನ್ನಿ. ಹಾಕಿದ ಮೇವು ತಟ್ಟೆಯಲ್ಲಿ ಮಿಕ್ಕುತ್ತಿದ್ದರೆ ಕಡಿಮೆ ಮಾಡಿ.

ಮೀನುಗಾರಿಕೆ ಇಲಾಖೆಯನ್ನೂ ಖಾಸಗಿ ಮರಿ ಕೇಂದ್ರಗಳನ್ನೂ ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ. ಬಿತ್ತನೆ ಭತ್ತದ ಚೀಲದ ಮೇಲೆ ತಳಿ, ವರ್ಷ, ಮೊಳಕೆ ಪ್ರಮಾಣ ಬರೆದಿರುತ್ತಾರೆ. ಮೀನುಮರಿಯ ರಸೀದಿಯ ಮೇಲೆ ಸಂಖ್ಯೆ ಮತ್ತು ಮೊತ್ತ ಬರೆದು ಕೈತೊಳೆದುಕೊಳ್ಳುವುದೇಕೆ? ತಾಯಿಮೀನಿನ ತಳಿ, ಅದನ್ನು ತಂದ ವರ್ಷ, ಬೇಸಿಗೆಯಲ್ಲಿ ಕೊಟ್ಟ ಮೇವು, ಈ ಮೂರು ಸಾಲು ಅದೇ ರಸೀದಿಯಲ್ಲಿ ಬರಲಿ. ಹಣ ಕೊಡುವ ರೈತರು ಆ ಮೂರು ಸಾಲನ್ನು ಬರೆಸಿಕೊಂಡೇ ಚೀಲ ಎತ್ತಲಿ.